ಎರಡನೆಯ ಸೂಚಿ

ಇಸ್ತ್ರಿ ಮಾಡಿಟ್ಟ ಅಂಗಿಯ ಕಾಲರಿನ ಮೇಲೆ ಒಂದು ಸುಕ್ಕು ಹಾಗೇ ಉಳಿದಿತ್ತು. ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವ ಅವನು ಕನ್ನಡಿಯ ಮುಂದೆ ನಿಂತು ಅದನ್ನೇ ನೋಡುತ್ತಿದ್ದ. ಇಸ್ತ್ರಿ ಮಾಡು ಎಂದು ಅಕ್ಕನಿಗೆ ಅವನು ಹೇಳಿರಲಿಲ್ಲ. ಅವಳ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಬಟ್ಟೆಯನ್ನು ಬೆರಳಿನಿಂದ ಸವರಿ ಸವರಿ ಸುಕ್ಕು ಹುಡುಕುತ್ತಿದ್ದಳು, ಆದರೂ ಒಂದಲ್ಲ ಒಂದು ಅವಳ ಕೈ ತಪ್ಪಿಸಿಕೊಳ್ಳುತ್ತಿತ್ತು. ಆ ಒಂದೇ ಅವನ ಕಣ್ಣಿಗೆ ಬೀಳುತ್ತಿತ್ತು. ಉಳಿದ ಅಂಗಿ ಎಷ್ಟು ನೀಟಾಗಿದೆ ಎನ್ನುವುದು ಕಾಣುತ್ತಿರಲಿಲ್ಲ. ತನ್ನ ಬುದ್ಧಿಯೇ ಇಂಥದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದನ್ನೇ ಒಂದು ದೊಡ್ಡ ಗುಣವೆಂದು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವ ಅಭ್ಯಾಸವೂ ಇತ್ತು, ಪುಣ್ಯಾತ್ಮನಿಗೆ.

"ಇವತ್ತೇ ಅಲ್ವೇನೋ?" ಅಂದಳು ಅಕ್ಕ ಬಾಗಿಲ ಹತ್ತಿರ ನಿಂತು.

"ಏನು ಇವತ್ತೇ?"

"ನಿನ್ನ ಪುಸ್ತಕದ ಬಗ್ಗೆ ಯಾರ್ಯಾರು ಏನೇನು ಬರೆದಿದ್ದಾರೆ ಅಂತ ಹುಡುಗರೆಲ್ಲ ಸೇರಿ ಹುಡುಕ್ತಾರಂತಲ್ಲ, ಲೈಬ್ರರೀಲಿ."

"ಯಾರು ಹೇಳಿದ್ದು ನಿಂಗೆ?"

"ಇನ್ಯಾರು, ನಿನ್ನ ಕ್ಲಾಸಿನ ಆ ಹುಡುಗಿ. ಮೊನ್ನೆ ಪುಸ್ತಕ ವಾಪಸ್ ಕೊಡೋಕೆ ಬಂದಿದ್ಲಲ್ಲ." ಅಕ್ಕನ ಮುಖದಲ್ಲಿ ಮದುವೆಮನೆಗೆ ಹೊರಟವಳ ಸಂಭ್ರಮವಿತ್ತು. "ಒಳ್ಳೇದು ಬರೆದಿರ್ತಾರೆ ಬಿಡು. ಅಷ್ಟು ಕಷ್ಟಪಟ್ಟು ಬರೆದಿದೀಯ."

ಅವನು ಬರೆದದ್ದು ಒಂದೇ ಕಾದಂಬರಿ, 'ಮೂಲೆಯ ಹಾಸಿಗೆ'. ಗಂಡ ಬಿಟ್ಟುಹೋದ ಮೇಲೆ ತಮ್ಮನ ಮನೆಯ ಹಿಂದಿನ ಕೋಣೆಗೆ ಬಂದು ಬೀಳುವ ಅಕ್ಕ, ಅಲ್ಲೇ ಕೊರಗಿ ಕೊರಗಿ ಸಾಯುವ ಅಕ್ಕ. ಅದು ಅಚ್ಚಾಗಿ ಬಂದಾಗ ಇವಳ ಕಣ್ಣು ಇನ್ನೂ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಕುಳಿತು ಮುಕ್ಕಾಲುಪಾಲು ಓದಿ, ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿ ಕಿಟಕಿಯ ಮೇಲಿಟ್ಟಳು. ಯಾಕೆ ನಿಲ್ಲಿಸಿದೆ ಎಂದು ಅವನು ಕೇಳಿದ್ದ. "ನಾನು ಸತ್ತುಹೋದೆನಲ್ಲೋ," ಅಂದಿದ್ದಳು ಅಕ್ಕ, ಪಾತ್ರೆ ಎತ್ತಿಕೊಳ್ಳುತ್ತಾ, "ಸತ್ತಮೇಲೆ ಓದೋದು ಏನಿರುತ್ತೆ?" ನಕ್ಕಳೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ, ಆ ಹೊತ್ತಿನಲ್ಲಿ ಅವಳ ಮುಖ ನೋಡುವ ಧೈರ್ಯವಾಗಿರಲಿಲ್ಲ. ಅವಳೇನೂ ಸಾಯಲಿಲ್ಲ. ಹಿಂದಿನ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು, ಪಕ್ಕದ ಮನೆಯವರ ಮಕ್ಕಳಿಗೆ ಸ್ವೆಟರ್ ಹೆಣೆದುಕೊಡುತ್ತಾ, ಗುಂಡುಕಲ್ಲಿನ ಹಾಗೆ ಬದುಕಿದ್ದಳು. ಪುಸ್ತಕ ಓದಿದ ಸಹೋದ್ಯೋಗಿಯೊಬ್ಬ ಮನೆಗೆ ಬಂದು, ಇವಳು ತಂದಿಟ್ಟ ಚಹಾ ಹಿಡಿದುಕೊಂಡು, ಇವಳ ಎದುರಿಗೇ "ನಿಮ್ಮ ದಿವಂಗತ ಅಕ್ಕನ ವಿಷಯ ಓದಿ ಕಣ್ಣಲ್ಲಿ ನೀರು ಬಂತು" ಅಂದಿದ್ದ. ಅಕ್ಕ ಅವನಿಗೆ ಇನ್ನೊಂದು ಬಿಸ್ಕತ್ತು ಕೊಟ್ಟು ಒಳಗೆ ಹೋಗಿದ್ದಳು.

ಈ ಲೈಬ್ರರಿ ತರಗತಿಯ ಉಪದ್ರವವನ್ನು ಅವನು ಮೈಮೇಲೆ ಎಳೆದುಕೊಂಡದ್ದು ತಾನಾಗಿಯೇ. ಹೊಸದಾಗಿ ಬಂದಿದ್ದ ಲೈಬ್ರರಿ ಮೇಡಂ, ಇನ್ನೂ ಮೂವತ್ತು ದಾಟದ, ಬಿರುಗಾಳಿಯ ಹಾಗೆ ಓಡಾಡುವ ಹೆಂಗಸು, ಒಂದು ದಿನ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ, "ಸರ್, ವಿಮರ್ಶೆ ಹುಡುಕೋದು ಹೇಗೆ ಅಂತ ಕೊನೆ ವರ್ಷದವರಿಗೆ ಒಂದು ಕ್ಲಾಸ್ ತಗೋತೀನಿ. ಉದಾಹರಣೆಗೆ ನಿಮ್ಮ ಕಾದಂಬರಿಯನ್ನೇ ಇಟ್ಕೊಳ್ಳಲಾ? ಹುಡುಗರಿಗೆ ಖುಷಿಯಾಗುತ್ತೆ" ಅಂದಿದ್ದಳು. ಬೇಡ ಎನ್ನುವುದಕ್ಕೆ ಒಂದು ಕ್ಷಣ ಸಾಕಿತ್ತು. ಆ ಕ್ಷಣದಲ್ಲಿ ಅವನ ಬಾಯಿ ತನ್ನಷ್ಟಕ್ಕೆ ತಾನೇ ಅಗಲವಾಗಿ, "ಅಯ್ಯೋ, ನಂದ್ಯಾಕೆ ಬಿಡಿ ಮೇಡಂ" ಎಂದು, ಬೇಕು ಎನ್ನುವುದು ಗೊತ್ತಾಗುವ ಹಾಗೆಯೇ ಹೇಳಿಬಿಟ್ಟಿತ್ತು. ಕೋಣೆಗೆ ಬಂದು ಕುಳಿತ ಮೇಲೆ ನೆನಪಾಯಿತು, ಗುರುಗಳ ಪುಸ್ತಕ.

ಗುರುಗಳು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಕೊನೆಯ ವಿಮರ್ಶಾ ಸಂಕಲನದಲ್ಲಿ, ಕಾದಂಬರಿಗಳನ್ನು ಕುರಿತ ಒಂದು ಲೇಖನದ ನಡುವೆ, ಅರ್ಧ ಪುಟ 'ಮೂಲೆಯ ಹಾಸಿಗೆ'ಗೆ ಮೀಸಲಾಗಿತ್ತು. ಆ ಅರ್ಧ ಪುಟ ಅವನಿಗೆ ಬಾಯಿಪಾಠ. 'ಅಕ್ಕನ ನೋವನ್ನು ಕುರಿತ ಈ ಕಾದಂಬರಿಯಲ್ಲಿ ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರಿಗೂ ನೋವಾಗುತ್ತದೆ. ಎಲ್ಲರಿಗಿಂತ ಹೆಚ್ಚಾಗಿ ಲೇಖಕನಿಗೆ. ಅವಳು ಯಾಕೆ ಸಾಯುತ್ತಾಳೆ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ತಮ್ಮ ಅಳಬೇಕಾಗಿದೆ, ಅದಕ್ಕಾಗಿ ಸಾಯುತ್ತಾಳೆ. ಇಂಥ ಹೆಂಗಸಿಗೂ ತನ್ನದೊಂದು ಬದುಕು ಇದ್ದೀತು ಎಂಬ ಅನುಮಾನ ಲೇಖಕನಿಗೆ ಒಂದು ಸಾಲಿನಲ್ಲೂ ಬಂದಿಲ್ಲ. ಕಸ ಗುಡಿಸಿ ಮೂಲೆಗೆ ಒಟ್ಟುವ ಹಾಗೆ ಅವಳನ್ನು ಒಟ್ಟಿದ್ದಾನೆ.' ಬರೆಯುವ ಮುಂಚೆ ಗುರುಗಳು ಒಮ್ಮೆ ಮನೆಗೆ ಬಂದಿದ್ದರು. ಅಕ್ಕ ನೀರು ತಂದುಕೊಟ್ಟಳು. "ಚೆನ್ನಾಗಿದ್ದೀಯೇನಮ್ಮ?" ಎಂದು ಅವಳನ್ನು ಕೇಳಿ, ಅವಳು ಚೆನ್ನಾಗಿದ್ದೀನಿ ಅಂದ ಮೇಲೆ, ಅವನ ಕಡೆ ತಿರುಗಿ ಗುರುಗಳು ನಕ್ಕಿದ್ದರು. ಅಷ್ಟೇ. ಆ ನಗುವನ್ನೇ ಆಮೇಲೆ ಅಚ್ಚು ಹಾಕಿಸಿದರು.

ಕಾಲೇಜಿನ ಹಜಾರದಲ್ಲಿ ವಿಭಾಗದ ಮುಖ್ಯಸ್ಥರು ಎದುರಾದರು. ದಪ್ಪ ಮೈಯ, ಒಳ್ಳೆಯ ಮನಸ್ಸಿನ, ಯಾವುದನ್ನೂ ಎರಡನೆಯ ಸಲ ಯೋಚಿಸದ ಮನುಷ್ಯ. "ಏನ್ರೀ, ಸಂಶೋಧನೆ ಸೀಟಿಗೆ ಇವತ್ತು ಹೆಸರು ಕಳಿಸ್ಲೇಬೇಕು. ಈ ಸಲ ಇರೋದು ಒಂದೇ ಸೀಟು. ಆ ಹುಡುಗೀದೇ ಅಂತ ನಾನು ಅಂದ್ಕೊಂಡಿದೀನಿ. ನೀವು ಹೂಂ ಅಂದ್ರೆ ಮುಗೀತು."

ಹೂಂ ಅನ್ನಬಹುದಿತ್ತು. ಮೊನ್ನೆ ಮನೆಗೆ ಬಂದಿದ್ದವಳೇ ಅವಳು, ಕೊನೆ ವರ್ಷದ ತರಗತಿಯಲ್ಲಿ ನಿಜವಾಗಿ ಓದುವವಳು ಅವಳೊಬ್ಬಳೇ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಸಣ್ಣ ಮಕ್ಕಳ ಹಾಗೆ ನಿಧಾನವಾಗಿ ಓದುತ್ತಿದ್ದಳು. ಬೆರಳು ಮುಂದೆ ಹೋದ ಮೇಲೆ ಆ ಸಾಲು ಅವಳಿಂದ ತಪ್ಪಿಸಿಕೊಂಡ ಉದಾಹರಣೆ ಇರಲಿಲ್ಲ. ಸೀಟು ಸಿಗದಿದ್ದರೆ ಚಿಕ್ಕಪ್ಪನ ಟೈರ್ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂರಿಸುತ್ತಾರಂತೆ ಎಂದು ಅಕ್ಕ ಹೇಳಿದ್ದಳು, ಹೇಳಿ "ನಿನ್ನ ಕೈಲಿದೆಯಂತಲ್ಲೋ" ಎಂದು ಸೇರಿಸಿದ್ದಳು. ಕೈಯಲ್ಲಿರುವುದನ್ನು ಇನ್ನೊಂದಷ್ಟು ಹೊತ್ತು ಕೈಯಲ್ಲೇ ಇಟ್ಟುಕೊಳ್ಳುವ ಸುಖ ಅವನಿಗೆ ಅಪರೂಪಕ್ಕೆ ಸಿಗುತ್ತಿತ್ತು. "ನೋಡೋಣ ಸರ್," ಅಂದ, "ಲೈಬ್ರರಿ ಕ್ಲಾಸ್ ಒಂದು ಮುಗೀಲಿ."

"ಸರಿ, ಹಾಗಾದ್ರೆ ನಾನೇ ಅಲ್ಲಿಗೆ ಬಂದು ಕೇಳ್ಕೊಂಡು ಹೋಗ್ತೀನಿ," ಎಂದು ಮುಖ್ಯಸ್ಥರು ಪೆನ್ನು ಟಕಟಕ ಅನ್ನಿಸುತ್ತಾ ಹೊರಟುಹೋದರು.

ಲೈಬ್ರರಿಯಲ್ಲಿ ಆಗಿನ್ನೂ ನೆಲ ಒರೆಸುತ್ತಿದ್ದರು. ಒದ್ದೆ ನೆಲದ ಮೇಲೆ ತುದಿಗಾಲಲ್ಲಿ ನಡೆದು ಅವನು ವಿಮರ್ಶೆಯ ಸಾಲಿಗೆ ಹೋದ. ಗುರುಗಳ ಪುಸ್ತಕ ಎಲ್ಲಿದೆಯೆಂದು ಕತ್ತಲಲ್ಲಿ ಕೇಳಿದ್ದರೂ ಕೈ ಇಟ್ಟು ತೋರಿಸುತ್ತಿದ್ದ. ನೀಲಿ ರಟ್ಟು, ಬೆನ್ನು ಸ್ವಲ್ಪ ಸಡಿಲ. ಅದನ್ನು ಎಳೆದುಕೊಂಡು ಹೋಗಿ ಆ ತುದಿಯಲ್ಲಿದ್ದ ಕೋಳಿಸಾಕಣೆಯ ಪುಸ್ತಕಗಳ ನಡುವೆ ತುರುಕಿಬಿಡುವುದೆಂದು ರಾತ್ರಿಯೇ ನಿಶ್ಚಯ ಮಾಡಿದ್ದ. ಕಳ್ಳರು ಕದಿಯುತ್ತಾರೆ, ಪುಸ್ತಕದ ಮನುಷ್ಯರು ಕದಿಯುವುದಿಲ್ಲ, ತಪ್ಪು ಕಪಾಟಿನಲ್ಲಿಡುತ್ತಾರೆ. ತಪ್ಪು ಕಪಾಟಿಗೆ ಹೋದ ಪುಸ್ತಕ ಇದ್ದೂ ಸತ್ತಂತೆ, ಹುಡುಕಿಕೊಡಲು ದೇವರೇ ಬರಬೇಕು. ಆದರೆ ಪುಸ್ತಕ ಕೈಗೆ ಬಂದೊಡನೆ ಎಂದಿನ ಚಾಳಿ, ಕೊನೆಯ ಪುಟಗಳಿಗೆ ಹೋಗಿ ಹೆಸರುಗಳ ಸೂಚಿ ತೆರೆದ. ತನ್ನ ಹೆಸರು ಇರಬೇಕಾದ ಜಾಗಕ್ಕೆ ಕಣ್ಣು ಹೋಯಿತು. ಮೇಲೊಬ್ಬ, ಕೆಳಗೊಬ್ಬ, ನಡುವೆ ಅವನಿಲ್ಲ. ಗುರುಗಳು ಆ ಅರ್ಧ ಪುಟದಲ್ಲಿ ಅವನ ಹೆಸರನ್ನೇ ಬರೆದಿರಲಿಲ್ಲ, 'ಲೇಖಕ' ಎಂದಷ್ಟೇ. ಮೊದಲ ಸಲ ನೋಡಿದಾಗ ಅದು ಗಾಯದ ಮೇಲೆ ಬರೆ ಎಳೆದ ಹಾಗಾಗಿತ್ತು, ಬೈಯುವುದಕ್ಕೂ ಹೆಸರು ಬೇಡವಾಯಿತೇ ಎಂದು. ಇವತ್ತು ಹಾಲು ಕುಡಿದಷ್ಟು ಸಂತೋಷವಾಯಿತು. ಸೂಚಿಯಲ್ಲಿ ಹೆಸರಿಲ್ಲ ಎಂದ ಮೇಲೆ ಯಾರು ತಾನೇ ಹುಡುಕಿಯಾರು? ಇಡೀ ಪುಸ್ತಕ ಓದುವವರು ಈ ಕಾಲೇಜಿನಲ್ಲಿ ಯಾರಿದ್ದಾರೆ? ಪುಸ್ತಕವನ್ನು ಅದರ ಜಾಗಕ್ಕೇ ತಳ್ಳಿದ. ಅಷ್ಟಕ್ಕೇ ನಿಲ್ಲಲಿಲ್ಲ, ತಾನು ಅದನ್ನು ಬಚ್ಚಿಡಲಿಲ್ಲವಲ್ಲ ಎಂದು ಹೆಮ್ಮೆ ಬೇರೆ ಪಟ್ಟುಕೊಂಡ.

ತರಗತಿಗೆ ಹುಡುಗರು ಬಂದು ಉದ್ದ ಮೇಜುಗಳ ಸುತ್ತ ಕುಳಿತರು. ಅವನಿಗೆ ಹಿಂದುಗಡೆ ಕಿಟಕಿಯ ಪಕ್ಕ ಕೈಯಿರುವ ಒಂದು ಕುರ್ಚಿ ಹಾಕಿದ್ದರು, ಮದುವೆಗಂಡಿನ ಹಾಗೆ. ಲೈಬ್ರರಿ ಮೇಡಂ ಗೋಡೆಯ ಪರದೆಯ ಮೇಲೆ ಅವನ ಹೆಸರನ್ನು ಟೈಪು ಮಾಡಿದಳು. ಅಷ್ಟು ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರನ್ನು ಅವನು ಹಿಂದೆ ನೋಡಿರಲಿಲ್ಲ, ಯಾರದೋ ಅನ್ನಿಸಿತು. ಲೇಖಕ ಎಂದು ಹುಡುಕಿದರೆ ಒಂದು ಪುಸ್ತಕ. ಪ್ರತಿಗಳು ಎರಡು. ಎರಡೂ ಕಪಾಟಿನಲ್ಲಿವೆ.

"ಎರಡೂ ಮನೇಲೇ ಇವೆ, ಎಲ್ಲೂ ಹೊರಗೆ ಹೋಗಿಲ್ಲ," ಅಂದ ಒಬ್ಬ ಹುಡುಗ. ಎಲ್ಲರೂ ಅವನನ್ನು 'ಭಾಷಣ' ಅನ್ನುತ್ತಿದ್ದರು. ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ. ನಗು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. ಹಿಂದಿನ ಕುರ್ಚಿಯಲ್ಲಿ ಅವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಜೋರಾಗಿ.

ಅದೇ ಹೆಸರನ್ನು ವಿಷಯ ಎಂದು ಹುಡುಕಿದರೆ ಪರದೆ ಒಂದು ಕ್ಷಣ ಖಾಲಿಯಾಗಿ, ಆಮೇಲೆ, 'ಏನೂ ಸಿಗಲಿಲ್ಲ. ಬೇರೆ ಪದ ಬಳಸಿ ನೋಡಿ' ಎಂದಿತು. ಆ ಎರಡು ವಾಕ್ಯ ಅಲ್ಲೇ ನಿಂತುಬಿಟ್ಟವು, ಮೇಡಂ ಪಾಠ ಮಾಡುತ್ತಿರುವಷ್ಟೂ ಹೊತ್ತು, ಅವಳ ತಲೆಯ ಹಿಂದೆ.

"ಇದನ್ನ ನೋಡಿ ಎದ್ದು ಹೋಗೋರೇ ಜಾಸ್ತಿ," ಅಂದಳು ಮೇಡಂ. "ಕಂಪ್ಯೂಟರಿಗೆ ಪುಸ್ತಕದ ಹೆಸರು ಗೊತ್ತು, ಹೊಟ್ಟೆ ಒಳಗೇನಿದೆ ಅಂತ ಗೊತ್ತಿಲ್ಲ. ಸರ್ ಬಗ್ಗೆ ಇಡೀ ಪುಸ್ತಕ ಯಾರೂ ಬರೆದಿಲ್ಲದೇ ಇರಬಹುದು. ಆದ್ರೆ ಯಾವುದೋ ಲೇಖನದ ಮಧ್ಯೆ ಅರ್ಧ ಪುಟ ಇದ್ದೇ ಇರುತ್ತೆ. ಆ ಅರ್ಧ ಪುಟ ಹುಡುಕೋದೇ ಇವತ್ತಿನ ಕೆಲಸ."

ಅರ್ಧ ಪುಟ! ಅವನ ಬೆನ್ನು ಕುರ್ಚಿಯಿಂದ ಮೇಲೆದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು, ಸದ್ಯ ಯಾರೂ ನೋಡಲಿಲ್ಲ. ಮಾತಿಗೆ ಅಂದದ್ದು ಇರಬೇಕು. ವಿಮರ್ಶೆಯ ಕಪಾಟಿನ ಪುಸ್ತಕಗಳನ್ನೆಲ್ಲ ತಳ್ಳುಗಾಡಿಯಲ್ಲಿ ತಂದು ಮೇಜುಗಳಿಗೆ ಹಂಚುತ್ತಿದ್ದರು. ನೀಲಿ ರಟ್ಟು ಭಾಷಣನ ಮೇಜಿಗೆ ಬಂತು, ಅಲ್ಲಿ ಜಾಗ ಸಾಲದೆ ಪಕ್ಕದ ಮೇಜಿಗೆ ಹೋಯಿತು. ಪಕ್ಕದ ಮೇಜಿನಲ್ಲಿ ಆ ಹುಡುಗಿ ಕುಳಿತಿದ್ದಳು. ಇರಲಿ, ಸೂಚಿಯಲ್ಲಿ ಹೆಸರಿಲ್ಲವಲ್ಲ.

"ಇನ್ನೊಂದು ವಿಷಯ," ಅಂದಳು ಮೇಡಂ. "ಹಿಂದುಗಡೆ ಹೆಸರುಗಳ ಸೂಚಿ ನೋಡಿ, ಇಲ್ಲ ಅಂತ ಪುಸ್ತಕ ಮುಚ್ಚಿಬಿಡ್ತೀರಿ. ಎಲ್ಲರೂ ಮಾಡೋ ತಪ್ಪು ಇದೇ. ಅದಾದ ಮೇಲೆ ಎರಡನೇ ಸೂಚಿ ಇರುತ್ತೆ, ಕೃತಿಗಳದ್ದು. ಕೆಲವು ಸಲ ವಿಮರ್ಶಕರು ಲೇಖಕರ ಹೆಸರೇ ಹೇಳಲ್ಲ, ಪುಸ್ತಕದ ಹೆಸರು ಮಾತ್ರ ಹೇಳಿರ್ತಾರೆ. ಅಂಥದ್ದು ಅಲ್ಲಿ ಸಿಗುತ್ತೆ. ಎರಡನ್ನೂ ನೋಡಬೇಕು. ಶುರು ಮಾಡಿ."

ಇಷ್ಟು ವರ್ಷ ಆ ಪುಸ್ತಕವನ್ನು ಎಷ್ಟು ಸಲ ತೆರೆದಿದ್ದ! ಪ್ರತಿ ಸಲವೂ ಹೆಸರುಗಳ ಸೂಚಿಗೆ ಹೋಗಿ, ತನ್ನ ಹೆಸರಿಲ್ಲದ ಜಾಗವನ್ನು ಹುಣ್ಣು ಮುಟ್ಟಿಕೊಳ್ಳುವವನಂತೆ ಮುಟ್ಟಿನೋಡಿ ಮುಚ್ಚುತ್ತಿದ್ದ. ಒಂದೇ ಒಂದು ಹಾಳೆ ಮುಂದಕ್ಕೆ ಹೋಗಿರಲಿಲ್ಲ. ಪುಸ್ತಕದ ಹೆಸರನ್ನು ಹುಡುಕಬೇಕೆಂದು ಅವನಿಗೆ ಒಮ್ಮೆಯಾದರೂ ಹೊಳೆದಿದ್ದರೆ ತಾನೇ? ಅವನಿಗೆ ಬೇಕಾಗಿದ್ದದ್ದು ಅವನ ಹೆಸರು. ಸಾಹಿತ್ಯದ ಮೇಷ್ಟ್ರಂತೆ ಮೇಷ್ಟ್ರು, ಥೂ. ಬೆಳಗ್ಗೆ ಕೋಳಿಗಳ ನಡುವೆ ತುರುಕಿದ್ದರೆ ಮುಗಿದುಹೋಗುತ್ತಿತ್ತು. ಈಗ ಎದ್ದು ಹೋಗಿ ಆ ಪುಸ್ತಕ ತೆಗೆದುಕೊಳ್ಳಲೇ? ಏನೆಂದು ತೆಗೆದುಕೊಳ್ಳುವುದು? ಕಾಲರಿನ ಸುಕ್ಕು ಕತ್ತನ್ನು ಕೆರೆಯುತ್ತಿತ್ತು.

ಇಡೀ ತರಗತಿ ಅವನನ್ನು ಹುಡುಕತೊಡಗಿತು. ಬೆರಳುಗಳು ಉದ್ದುದ್ದ ಪಟ್ಟಿಗಳ ಮೇಲೆ ಇಳಿಯುತ್ತಿದ್ದವು. ಆಗಾಗ ಯಾರೋ ತಲೆಯೆತ್ತಿ ಅವನ ಕಡೆ ನೋಡಿ, ಪಾಪ ಎಂಬಂತೆ ಮುಗುಳ್ನಕ್ಕು, ಮತ್ತೆ ತಲೆ ತಗ್ಗಿಸುತ್ತಿದ್ದರು. ಮೊದಲ ಮೇಜಿನವರು ಇಲ್ಲ ಅಂದರು. ಎರಡನೆಯವರೂ ಇಲ್ಲ ಅಂದರು. ಭಾಷಣ ಮಾತ್ರ "ಸಿಕ್ತು!" ಎಂದು ಕೂಗಿ ಎದ್ದು ನಿಂತ. ಯಾವುದೋ ಸಾಹಿತ್ಯ ಚರಿತ್ರೆಯ ದಪ್ಪ ಸಂಪುಟ. "ಈ ಕಾಲದಲ್ಲಿ ಕಾದಂಬರಿ ಬರೆದ ಇತರರು," ಎಂದು ಓದಿ, ಆ ಇತರರ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿದ. ಮೇಷ್ಟ್ರ ಹೆಸರು ಕೊನೆಯಿಂದ ಮೂರನೆಯದು, ಇನಿಷಿಯಲ್ ತಪ್ಪಾಗಿತ್ತು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಮೇಡಂ ಕೂಡ ತಟ್ಟಿದಳು. ಅವನು ಕುರ್ಚಿಯಿಂದ ಅರ್ಧ ಎದ್ದು ನಕ್ಕು ಕುಳಿತ. ಕುಳಿತ ಮೇಲೂ ಆ ನಗು ಮುಖ ಬಿಟ್ಟು ಹೋಗಲಿಲ್ಲ, ಬಲವಂತವಾಗಿ ಇಳಿಸಬೇಕಾಯಿತು.

ಆಗ ಅವನಿಗೆ ಆ ಹುಡುಗಿಯ ಬೆರಳು ಕಂಡಿತು. ನೀಲಿ ರಟ್ಟಿನ ಕೊನೆಯ ಹಾಳೆಗಳ ಮೇಲೆ ಅದು ಮೆಲ್ಲಗೆ ಇಳಿಯುತ್ತಿತ್ತು. ಒಂದು ಹಾಳೆ ಮುಗಿಯಿತು, ಹಾಳೆ ತಿರುಗಿಸಿದಳು. ಮತ್ತೆ ಇಳಿಯಿತು. ನಿಂತಿತು. ಅವಳು ತಲೆಯೆತ್ತಲಿಲ್ಲ, ಪುಸ್ತಕದ ನಡುವಿಗೆ ಹೋಗಿ ಪುಟ ತೆರೆದಳು. ಬೆರಳು ಸಾಲಿನ ಕೆಳಗೆ ಹೊರಟಿತು. ಅವಳು ಎಲ್ಲಿ ಓದುತ್ತಿದ್ದಾಳೆ ಎನ್ನುವುದು ಅವನಿಗೆ ಕುಳಿತಲ್ಲಿಂದಲೇ ತಿಳಿಯುತ್ತಿತ್ತು. ಈಗ 'ಎಲ್ಲರಿಗೂ ನೋವಾಗುತ್ತದೆ'. ಈಗ 'ತಮ್ಮ ಅಳಬೇಕಾಗಿದೆ'. ಈಗ ಮೂಲೆ, ಈಗ ಕಸ. ಅವಳು ಕೆಳತುಟಿ ಕಚ್ಚಿಕೊಂಡಳು. ಓದು, ಎದ್ದು ನಿಂತು ಗಟ್ಟಿಯಾಗಿ ಓದು ಎಂದು ಒಳಗೆ ಯಾರೋ ಕಿರುಚಿದರು. ಒಂದು ಸಲ ಎಲ್ಲರ ಮುಂದೆ ಬಟ್ಟೆ ಬಿಚ್ಚಿಹೋಗಲಿ, ಆಮೇಲೆ ಯಾರಿಗೂ ಹೆದರಬೇಕಾಗಿಲ್ಲ. ಮರುಗಳಿಗೆಗೆ ಅದೇ ಬಾಯಿ, ಮುಚ್ಚಮ್ಮ, ನಿನ್ನ ದಮ್ಮಯ್ಯ ಮುಚ್ಚು ಎಂದಿತು.

"ನಿಮ್ಮ ಮೇಜಲ್ಲಿ?" ಎಂದಳು ಮೇಡಂ.

ಹುಡುಗಿ ಪುಸ್ತಕ ಮುಚ್ಚಿದಳು. "ಏನೂ ಸಿಗಲಿಲ್ಲ ಮೇಡಂ."

"ಎರಡನೇ ಸೂಚಿ ನೋಡಿದ್ಯಾ?"

"ನೋಡಿದೆ. ಇಲ್ಲ." ನೀಲಿ ರಟ್ಟನ್ನು ಮೆಲ್ಲಗೆ ಬೇರೆ ಪುಸ್ತಕಗಳ ಕೆಳಗೆ ಸರಿಸಿದಳು. ಅವನ ಕಡೆ ಒಮ್ಮೆ ನೋಡಿ ಕೂಡಲೇ ಕಣ್ಣು ತೆಗೆದಳು.

ಅಬ್ಬಾ, ಬದುಕಿದೆ ಅನ್ನಿಸಿತು. ಮೈಯೆಲ್ಲ ಸಡಿಲವಾಗಿ, ಆ ಹುಡುಗಿಯ ಕೈಹಿಡಿದು ಅತ್ತುಬಿಡಬೇಕು ಅನ್ನಿಸಿತು. ಆ ಸುಖ ಎಷ್ಟು ಹೊತ್ತು? ಕಿಟಕಿಯ ಹೊರಗೆ ಒಂದು ಸೈಕಲ್ ದಾಟಿ ಹೋಗುವಷ್ಟು ಹೊತ್ತು. ಆಮೇಲೆ ಉರಿ ಶುರುವಾಯಿತು. ಓದಿದ್ದಾಳೆ. ಓದಿ, ಪಾಪ ಮುದುಕ, ಬಿಟ್ಟುಬಿಡೋಣ ಅಂದುಕೊಂಡಿದ್ದಾಳೆ. ತನ್ನ ಮಾನ ಈಗ ಅವಳ ಚೀಲದಲ್ಲಿದೆ. ದಿನಾ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ, ಕಾದಂಬರಿ ಎಂದರೇನು ಎಂದು ತಾನು ಹೇಳುವಾಗಲೆಲ್ಲ ಬೆರಳು ಸಾಲಿನ ಮೇಲಿಟ್ಟುಕೊಂಡು ಕೇಳುತ್ತಾಳೆ, ಕೇಳಿ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಗುರುಗಳು ಕೊಂದಿದ್ದರು, ನಿಜ. ಕೊಂದವರು ದೊಡ್ಡವರು, ಈಗ ಸತ್ತೂಹೋಗಿದ್ದಾರೆ. ಆದರೆ ಕ್ಷಮಿಸುವುದಕ್ಕೆ ಇವಳ್ಯಾರು? ಟೈರ್ ಅಂಗಡಿಯವನ ಅಣ್ಣನ ಮಗಳು! ಅವನಿಗೆ ಅವಳ ಮೇಲೆ ಎಂಥ ದ್ವೇಷ ಬಂತೆಂದರೆ ಅದಕ್ಕೆ ಅವನೇ ಬೆರಗಾದ. ಗುರುಗಳ ಮೇಲೂ ಇಂಥದ್ದು ಬಂದಿರಲಿಲ್ಲ.

ತರಗತಿ ಮುಗಿಯಿತು. ಹುಡುಗರು ಗಲಾಟೆ ಮಾಡುತ್ತಾ ಹೊರಬಿದ್ದರು, ಮೇಡಂ ತಳ್ಳುಗಾಡಿಯ ಹಿಂದೆ ಹೋದಳು. ಹುಡುಗಿ ತನ್ನ ಮೇಜಿನ ಪುಸ್ತಕಗಳನ್ನು ಜೋಡಿಸಿಡುತ್ತಿದ್ದಳು. ಮುಖ್ಯಸ್ಥರು ಪೆನ್ನು ಟಕಟಕ ಅನ್ನಿಸುತ್ತಾ ಬಂದರು. "ಏನ್ರೀ, ಸಿಕ್ಕಿದ್ರಾ ನೀವು? ಮುಗೀತಲ್ಲ ಕ್ಲಾಸು. ಹೂಂ ಅನ್ನಿ, ಹೆಸರು ಕಳಿಸಿಬಿಡ್ತೀನಿ. ಅಗೋ, ಇಲ್ಲೇ ಇದಾಳಲ್ಲ ನಮ್ಮ ಹುಡುಗಿ. ಬಾಮ್ಮ ಇಲ್ಲಿ."

ಅವನು ಎದ್ದು ಆ ಮೇಜಿನ ಹತ್ತಿರ ಹೋದ. ಕಟ್ಟಿನ ಕೆಳಗಿನಿಂದ ನೀಲಿ ರಟ್ಟನ್ನು ಎಳೆದುಕೊಂಡ. "ಈ ಪುಸ್ತಕ ನಿನ್ನ ಪಾಲಿಗೆ ಬಂದಿತ್ತಲ್ಲ?"

"ಹೌದು ಸರ್."

"ಇದರಲ್ಲಿ ನನ್ನ ಕಾದಂಬರಿ ಬಗ್ಗೆ ಏನಾದ್ರೂ ಸಿಕ್ತಾ?"

ಹುಡುಗಿ ಅವನ ಮುಖ ನೋಡಿದಳು. ಇದು ಯಾವ ಆಟವೆಂದು ಅವಳಿಗೆ ತಿಳಿಯಲಿಲ್ಲ. "ಸಿಗಲಿಲ್ಲ ಸರ್."

"ಸರಿಯಾಗಿ ನೋಡಿದ್ಯಾ?"

"ನೋಡಿದೆ ಸರ್."

ಅವನು ಪುಸ್ತಕದ ಹಿಂಭಾಗ ತೆರೆದ. ಜೀವಮಾನದಲ್ಲಿ ಮೊದಲ ಸಲ ಎರಡನೆಯ ಸೂಚಿಗೆ ಹೋದ. ಅಲ್ಲಿತ್ತು, 'ಮೂಲೆಯ ಹಾಸಿಗೆ', ಮುಂದೆ ಪುಟಸಂಖ್ಯೆ, ಅಂದವಾಗಿ. ಉಗುರಿನಿಂದ ಅದರ ಕೆಳಗೆ ಗೀರಿ ಮುಖ್ಯಸ್ಥರಿಗೆ ತೋರಿಸಿದ.

"ಅಯ್ಯಯ್ಯೋ," ಅಂದರು ಮುಖ್ಯಸ್ಥರು, "ಕಣ್ಣಿಗೆ ರಾಚೋ ಹಾಗಿದೆಯಲ್ಲಮ್ಮ! ಇದು ಕಾಣಲಿಲ್ವಾ ನಿಂಗೆ?" ಆಮೇಲೆ ಅವನ ಕಡೆಗೆ, "ನಿಮ್ಮ ಗುರುಗಳದ್ದಲ್ವೇನ್ರೀ ಇದು? ಏನು ಬರೆದಿದ್ದಾರೆ?"

"ಒಳ್ಳೇದೇ ಬರೆದಿದ್ದಾರೆ ಸರ್," ಎಂದ ಅವನು ಪುಸ್ತಕ ಮುಚ್ಚುತ್ತಾ. "ಶಿಷ್ಯ ಅಂತ ಸ್ವಲ್ಪ ಜಾಸ್ತೀನೇ ಹೊಗಳಿದ್ದಾರೆ." ಹೇಳುವಾಗ ಹುಡುಗಿಯನ್ನೇ ನೋಡುತ್ತಿದ್ದ. ಈಗ ಒಂದು ಮಾತು ಸಾಕಿತ್ತು ಅವಳಿಗೆ. ಆ ಪುಟ ತೆಗೀರಿ ಸರ್ ಅಂದಿದ್ದರೆ ಅವಳು ಉಳಿಯುತ್ತಿದ್ದಳು, ಅವನು ಮುಳುಗುತ್ತಿದ್ದ. ಅವಳು ಮುಚ್ಚಿದ ನೀಲಿ ರಟ್ಟಿನ ಕಡೆ ನೋಡಿದಳು. ಹೇಳಲಿಲ್ಲ.

"ಸಂಶೋಧ್ನೆ ಅಂದ್ರೆ ಮತ್ತೇನು ಸರ್, ಹುಡುಕೋ ಕಣ್ಣೇ ಅಲ್ವಾ," ಎಂದ ಅವನು. "ಆ ಇನ್ನೊಬ್ಬ ಹುಡುಗ ಒಂದು ಸಾಲಾದ್ರೂ ಹುಡುಕಿ ತಂದ."

"ಯಾರು, ಭಾಷಣವಾ? ಹಾಗಾದ್ರೆ ಅವನದ್ದೇ ಕಳಿಸ್ತೀನಿ ಬಿಡಿ. ಬೇಜಾರು ಮಾಡ್ಕೋಬೇಡಮ್ಮ, ನಿಂಗೂ ಏನಾದ್ರೂ ಆಗುತ್ತೆ." ಮುಖ್ಯಸ್ಥರು ಅವಳ ಹೆಗಲು ತಟ್ಟಿ, ಹೊರಗೆ ಹೊರಟುಹೋದರು. ಒಂದು ಬದುಕನ್ನು ಆಚೆಯಿಂದ ಈಚೆಗೆ ಇಡುವುದಕ್ಕೆ ಅವರಿಗೆ ಅಷ್ಟೇ ಹೊತ್ತು ಹಿಡಿಯಿತು.

ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡಳು. ಅಳುತ್ತಾಳೆಂದು ಅವನು ಕಾದ. ಅಳಲಿಲ್ಲ. ಅದೂ ಅವನಿಗೆ ಸಹಿಸಲಾಗಲಿಲ್ಲ. "ನೋಡು," ಎಂದ, ದನಿ ತಗ್ಗಿಸಿ, "ನೀನು ಓದಿದೆ ಅಂತ ನಂಗೆ ಗೊತ್ತು. ನನ್ನ ಮೇಲೆ ಕನಿಕರ ತೋರಿಸು ಅಂತ ನಿಂಗ್ಯಾರು ಹೇಳಿದ್ದು?"

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಮ್ಮ ಮೇಲಾ ಸರ್?"

"ಮತ್ತೆ?"

"ಅಲ್ಲ ಸರ್... ನಿಮ್ಮ ಅಕ್ಕ ಹೇಳಿದ್ರು. ಏನು ಸಿಕ್ಕಿದ್ರೂ ಬಂದು ಓದಿ ಹೇಳಮ್ಮ, ನನ್ನ ಬಗ್ಗೆ ಜನ ಏನಂದಿದ್ದಾರೆ ಕೇಳಬೇಕು ಅಂತ. ಕಣ್ಣು ಕಾಣಲ್ವಲ್ಲ ಅವರಿಗೆ." ಮಾತು ಒಂದೊಂದೇ ಬರುತ್ತಿತ್ತು. "ಸಿಕ್ತು ಅಂದ್ರೆ ಇಲ್ಲೇ ಎಲ್ಲರೂ ಓದ್ತಿದ್ರು, ಅವರ ಕಿವಿಗೂ ಬಿದ್ದೇ ಬೀಳ್ತಿತ್ತು. ಕಸ ಅಂತೆಲ್ಲ ಇದೆಯಲ್ಲ ಸರ್ ಅದರಲ್ಲಿ. ಅವರಿಗೆ ಹೇಗೆ ಓದಿ ಹೇಳಲಿ? ಅದಕ್ಕೇ ಸಿಗಲೇ ಇಲ್ಲ ಅಂದ್ಬಿಟ್ಟೆ." ಆಮೇಲೆ ಸಮಾಧಾನ ಹೇಳುವವಳ ಹಾಗೆ, "ನೀವು ಮೊದಲೇ ಓದಿರ್ತೀರಿ ಅಂತ ಗೊತ್ತಿತ್ತು ಸರ್. ಓದಿನೂ ಚೆನ್ನಾಗೇ ಇದೀರಲ್ಲ ಅಂದ್ಕೊಂಡೆ. ನಿಮ್ಮ ಬಗ್ಗೆ ನಾನು ಏನೂ ಯೋಚ್ನೆ ಮಾಡಲಿಲ್ಲ ಸರ್."

ಅವಳು ಹೋದಳು. ಅವನು ಕಿಟಕಿಯ ಹತ್ತಿರ ನಿಂತ. ಕೆಳಗೆ ಅಂಗಳದಲ್ಲಿ ಮುಖ್ಯಸ್ಥರು ಇನ್ನೂ ಆಫೀಸು ಮುಟ್ಟಿರಲಿಲ್ಲ. ಯಾರೋ ಅಡ್ಡಹಾಕಿ ಮಾತಾಡಿಸುತ್ತಿದ್ದರು, ಅವರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಕೂಗಿದರೆ ಕೇಳಿಸುತ್ತಿತ್ತು. ಮೆಟ್ಟಿಲಿಳಿದು ಹೋದರೂ ಹೊತ್ತಿತ್ತು. ಹೋಗಿ ಏನು ಹೇಳುವುದು? ಅವಳಿಗೆ ಸಿಕ್ಕಿತ್ತು ಸರ್ ಅನ್ನಬೇಕು. ಸಿಕ್ಕಿದ್ದನ್ನು ಯಾಕೆ ಮುಚ್ಚಿಟ್ಟಳು ಎಂದು ಕೇಳುತ್ತಾರೆ. ಆಗ ಪುಟ ತೆಗೆದು ತೋರಿಸಬೇಕು. ಅವರು ಗಟ್ಟಿಯಾಗಿ ಓದುವ ಮನುಷ್ಯ, ಅಂಗಳದ ನಡುವೆ ನಿಂತು ಓದಿಯಾರು. ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟ, ಅದು ಸುಳ್ಳಲ್ಲ. ನೀಲಿ ರಟ್ಟು ಇನ್ನೂ ಕೈಯಲ್ಲೇ ಇತ್ತು. ಅವನು ಮತ್ತೆ ಕಿಟಕಿಗೆ ಬಂದಾಗ ಅಂಗಳ ಖಾಲಿಯಾಗಿತ್ತು. ಅಯ್ಯೋ, ತಡವಾಯಿತಲ್ಲ ಎಂದು ಜೋರಾಗಿಯೇ ಅಂದುಕೊಂಡ, ಪಕ್ಕದಲ್ಲಿ ಯಾರಾದರೂ ಇದ್ದರೆ ಕೇಳಲಿ ಎಂಬಂತೆ. ಯಾರೂ ಇರಲಿಲ್ಲ.

ಮನೆಗೆ ಬಂದಾಗ ಅಕ್ಕ ಹೊರಗಿನ ಕೋಣೆಯಲ್ಲೇ ಕುಳಿತಿದ್ದಳು. ರೇಡಿಯೋ ಹಾಕಿರಲಿಲ್ಲ. ಬೇರೆ ಸೀರೆ ಉಟ್ಟಿದ್ದಳು. ಶೂ ಸದ್ದಿಗೆ ಮುಖ ಈ ಕಡೆ ತಿರುಗಿಸಿ, "ಬಂದೆಯೇನೋ? ಏನಾದ್ರೂ ಸಿಕ್ತಾ?" ಅಂದಳು.

"ಇಲ್ಲ."

"ಒಂದೂ ಇಲ್ವಾ? ಅಷ್ಟೊಂದು ಪುಸ್ತಕದಲ್ಲಿ?"

"ಇಲ್ಲ ಅಂದ್ನಲ್ಲ."

ಅಕ್ಕ ಮಡಿಲಲ್ಲಿದ್ದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು. "ಹೋಗ್ಲಿ ಬಿಡು," ಅಂದಳು. ಆಮೇಲೆ ಮುಖ ಗಂಟು ಹಾಕಿಕೊಂಡು, "ಆ ಹುಡುಗಿ ಸರಿಯಾಗಿ ಹುಡುಕಿರಲ್ಲ ಕಣೋ. ಓದಿ ಹೇಳ್ತೀನಿ ಅಂತ ಮಾತು ಕೊಟ್ಟಿದ್ಲು, ನೋಡು, ಈ ಕಡೆ ತಲೆನೇ ಹಾಕಿಲ್ಲ. ಈಗಿನ ಮಕ್ಕಳಿಗೆ ಯಾವುದರಲ್ಲೂ ಶ್ರದ್ಧೆ ಇಲ್ಲ."

ಅವನು ಬಗ್ಗಿ ಶೂ ದಾರ ಬಿಚ್ಚುತ್ತಿದ್ದ.

"ಹೂಂ," ಅಂದ. "ಅವಳಿಗೆ ಹುಡುಕೋಕೆ ಬರಲ್ಲ ಅಕ್ಕ."